ರೇಡಾನ್ ಸಿಸ್ಟಂ: ಹಾಕಿಸಿ ವರ್ಷಗಳಾದ ಮೇಲೆ

ನೆಲದಡಿಯಿಂದ ಮನೆಯೊಳಗೆ ಬರುವ ವಿಕಿರಣಶೀಲ ಅನಿಲ ರೇಡಾನ್. ಅದನ್ನು ಆಚೆ ಹಾಕುವ ಸಿಸ್ಟಂ ಬಗ್ಗೆ ಅಮೆರಿಕದ ಪೂರ್ವ ಪೆನ್ಸಿಲ್ವೇನಿಯಾದಲ್ಲಿ ಮನೆ ಕೊಳ್ಳುವ ನಮ್ಮವರೆಲ್ಲ ಕೇಳುವುದು ಒಂದೇ: ‘ಇದು ನಿಜವಾಗ್ಲೂ ಬೇಕಾ, ಸುಮ್ನೆ ದುಡ್ಡು ಕೀಳೋದಾ?’ ಬೇಕು. ನಾವು 2019ರಲ್ಲಿ ಹಾಕಿಸಿದೆವು. ಬೇಸ್‌ಮೆಂಟಿನಲ್ಲಿ ಲೀಟರ್ ಗಾಳಿಗೆ 11 ಪಿಕೋಕ್ಯೂರಿ (ವಿಕಿರಣದ ಅಳತೆ) ಇದ್ದ ರೇಡಾನ್ 1.5ಕ್ಕೆ ಇಳಿಯಿತು. 4 ಮುಟ್ಟಿದರೆ ಸರಿಪಡಿಸಿ ಎನ್ನುತ್ತದೆ ಅಮೆರಿಕದ ಪರಿಸರ ಸಂಸ್ಥೆ ಇಪಿಎ.

ಈ ಕಡೆ ನೆಲದಡಿಯ ಕಲ್ಲಿನಲ್ಲೇ ಯುರೇನಿಯಂ ಇದೆ, ರೇಡಾನ್ ಹುಟ್ಟುವುದು ಅದರಿಂದಲೇ. 1984ರಲ್ಲಿ ಲಿಮರಿಕ್ ಅಣುಸ್ಥಾವರದ ಎಂಜಿನಿಯರ್ ಸ್ಟಾನ್ಲಿ ವಾಟ್ರಸ್ ಕೆಲಸಕ್ಕೆ ಬಂದರೆ ವಿಕಿರಣದ ಅಲಾರಂ ಹೊಡೆದುಕೊಳ್ಳುತ್ತಿತ್ತು. ಹುಡುಕಿದರೆ ರೇಡಾನ್ ತುಂಬಿದ್ದು ಬಾಯರ್‌ಟೌನ್ ಹತ್ತಿರದ ಅವರ ಮನೆಯಲ್ಲಿ! ವಾಸನೆ ಇಲ್ಲ, ಬಣ್ಣ ಇಲ್ಲ. ಶ್ವಾಸಕೋಶದ ಕ್ಯಾನ್ಸರಿಗೆ ಸಿಗರೇಟಿನ ನಂತರದ ದೊಡ್ಡ ಕಾರಣ ಇದೇ.

ಸಿಸ್ಟಂ ಅಂದರೆ ಅಂಥ ದೊಡ್ಡ ಯಂತ್ರವೇನಲ್ಲ. ಕಾಂಕ್ರೀಟ್ ನೆಲಕ್ಕೆ ತೂತು ಕೊರೆದು, ಅಡಿಯ ಜಲ್ಲಿಯಿಂದ ಪಿವಿಸಿ ಪೈಪು ಎತ್ತಿ, ಹೊರಗೋಡೆಗೆ ಫ್ಯಾನ್ ಕೂರಿಸಿ, ಪೈಪಿನ ಬಾಯನ್ನು ಸೂರಿನ ಮೇಲಕ್ಕೆ ಬಿಟ್ಟಿದ್ದಾರೆ. ಮಣ್ಣಿನ ಗಾಳಿ ಮನೆಯೊಳಗೆ ಬರುವ ಮೊದಲೇ ಹೀರಿ ಆಚೆ ಹಾಕುತ್ತದೆ. ನೆಲದಡಿ ಜಿನುಗುವ ನೀರು ಸೇರಲೆಂದು ಬೇಸ್‌ಮೆಂಟಿನಲ್ಲಿರುವ ಸಂಪ್ ಗುಂಡಿಗೂ ಗಾಳಿಯಾಡದ ಮುಚ್ಚಳ. ಖರ್ಚು 1,400 ಡಾಲರ್. ಹಾಕುವವರಿಗೆ ಈ ರಾಜ್ಯದ ಪ್ರಮಾಣಪತ್ರ ಕಡ್ಡಾಯ, ಕೇಳಿ ನೋಡಿ.

ನನಗೆ ತುಂಬ ಹಿಡಿಸಿದ್ದು ಪೈಪಿಗೆ ಅಂಟಿಸಿದ ಮ್ಯಾನೋಮೀಟರ್. ಯು ಆಕಾರದ ನಳಿಕೆ, ಒಳಗೆ ಕೆಂಪು ಎಣ್ಣೆ. ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ ಇದ್ದರೆ ಫ್ಯಾನ್ ಎಳೆಯುತ್ತಿದೆ. ಎರಡೂ ಸಮವಾದರೆ ಎಳೆತವೇ ಇಲ್ಲ. ಊರಿಂದ ಬಂದಿದ್ದ ಅಪ್ಪ ‘ಯಾರೂ ಕೂರದ ಕಡೆ ಹಗಲೂ ರಾತ್ರಿ ಫ್ಯಾನ್ ಯಾಕೆ?’ ಅಂತ ಸ್ವಿಚ್ ಆರಿಸಿದ್ದರು. ಬಟ್ಟೆ ಒಗೆಯಲು ಕೆಳಗೆ ಹೋದಾಗ ಎಣ್ಣೆ ಸಮವಾಗಿ ನಿಂತಿದ್ದು ಕಂಡಿತು. ಈಗ ಸ್ವಿಚ್ ಮೇಲೆ ‘ಆರಿಸಬೇಡಿ’ ಅಂತ ಕನ್ನಡದಲ್ಲೇ ಚೀಟಿ.

ಆದರೆ ಅದು ತೋರಿಸುವುದು ಎಳೆತವನ್ನು, ರೇಡಾನನ್ನಲ್ಲ. ಇದನ್ನು ಹಾಕಿಕೊಟ್ಟವರು ಹೇಳಲೇ ಇಲ್ಲ, ನನ್ನ ದೊಡ್ಡ ತಕರಾರು ಅದು. ಬೇಸ್‌ಮೆಂಟಿನಲ್ಲಿ ಬಾತ್‌ರೂಂ ಕಟ್ಟಿದ ಬೇರೊಬ್ಬ ಕಂಟ್ರಾಕ್ಟರ್, ಡ್ರೈನ್ ಪೈಪಿಗೆ ಒಡೆದ ಕಾಂಕ್ರೀಟನ್ನು ಟಬ್‌ನ ಅಡಿ ಹಾಗೇ ತೆರೆದು ಬಿಟ್ಟ. ಎಣ್ಣೆ ಮೊದಲ ದಿನ ಮಾರ್ಕರಿನಲ್ಲಿ ಎಳೆದಿದ್ದ ಗೆರೆಗಿಂತ ಸ್ವಲ್ಪ ಇಳಿದಿತ್ತು, ಅಷ್ಟೇ. ಟೆಸ್ಟ್ ಮಾಡಿದರೆ 5.2. ತೂತು ಮುಚ್ಚಿಸಿದ ಮೇಲೆ ಮತ್ತೆ 2ರ ಒಳಗೆ ಬಂತು. ಮನೆಯಲ್ಲಿ ಒಡೆದು ಕಟ್ಟುವ ಕೆಲಸ ಏನೇ ಆದರೂ ಮತ್ತೆ ಟೆಸ್ಟ್ ಮಾಡಿಸಿ. ಇಲ್ಲದಿದ್ದರೂ ಎರಡು ವರ್ಷಕ್ಕೊಮ್ಮೆ. ಕಿಟಕಿ ಬಾಗಿಲು ಮುಚ್ಚಿರುವ ಚಳಿಗಾಲದಲ್ಲಾದರೆ ಒಳ್ಳೇದು, ಆಗಲೇ ಅಲ್ವಾ ಜಾಸ್ತಿ ಇರೋದು.

ಫ್ಯಾನ್ ಕಳೆದ ವರ್ಷ ಗೊರಗೊರ ಅನ್ನತೊಡಗಿತು, ಬೇರಿಂಗ್ ಸವೆದಿತ್ತು. ಮೇಲೂ ಕೆಳಗೂ ರಬ್ಬರ್ ಕಪ್ಲಿಂಗ್ ಇದ್ದುದರಿಂದ ಪೈಪು ಕೊಯ್ಯದೆ ಬದಲಾಯಿಸಿದರು. ಮಲಗುವ ಕೋಣೆಯ ಗೋಡೆಗೆ ಮಾತ್ರ ಫ್ಯಾನ್ ಹಾಕಿಸಬೇಡಿ, ರಾತ್ರಿ ಗುಂಯ್‌ಗುಡುವುದು ಕೇಳುತ್ತದೆ.

ಐದಕ್ಕೆ ನಾಲ್ಕು ಸ್ಟಾರ್. ಸಿಸ್ಟಂ ಇರುವ ಹಳೇ ಮನೆ ಕೊಳ್ಳುತ್ತಿದ್ದರೆ ಪೈಪು ನೋಡಿ ಸುಮ್ಮನಾಗಬೇಡಿ, ಕೊನೆಯ ಟೆಸ್ಟ್ ರಿಪೋರ್ಟ್ ಕೇಳಿ.