ಚಾಕಿ ಮನೆಯಲ್ಲಿ ಸಾಲಿಡ್ ಸ್ಟೇಟ್ ರಿಲೇ: ‘3ರಿಂದ 32 ವೋಲ್ಟ್’ ಎಂಬ ಸಾಲನ್ನು ನಂಬಬೇಡಿ

ರೇಷ್ಮೆಯ ಮರಿಹುಳು ಸಾಕುವ ಚಾಕಿ ಮನೆಯ ಹೀಟರ್‌ಗೆ 25 ಆಂಪಿಯರ್‌ನ ಸಾಲಿಡ್ ಸ್ಟೇಟ್ ರಿಲೇ, ಅಂದರೆ ಚಲಿಸುವ ಭಾಗಗಳಿಲ್ಲದ ಎಲೆಕ್ಟ್ರಾನಿಕ್ ಸ್ವಿಚ್, ಅಳವಡಿಸಿ ವರ್ಷ ಕಳೆದಿದೆ. ಉಳಿದ ವಿವರಗಳು ಡಬ್ಬಿಯ ಮೇಲೇ ಇವೆ. ನನ್ನ ತಕರಾರು ಅದರ ಮೇಲೆ ಅಚ್ಚಾಗಿರುವ ‘3ರಿಂದ 32 ವೋಲ್ಟ್ ಡಿಸಿ’ ಎಂಬ ಒಂದೇ ಸಾಲಿನದು; ರಿಲೇ ಆನ್ ಆಗಲು ಕೊಡಬೇಕಾದ ವೋಲ್ಟೇಜ್ ಅದು.

ಮೊದಲ ಹಂತದ ಹುಳುಗಳಿಗೆ 27–28 ಡಿಗ್ರಿ ಶಾಖ ಬೇಕು. ಉಷ್ಣತೆ ನೋಡಿಕೊಳ್ಳಲು ಇಎಸ್‌ಪಿ8266 ಎಂಬ ಪುಟ್ಟ ನಿಯಂತ್ರಕ ಬೋರ್ಡ್ ಇದೆ. ಅದರ ಪಿನ್ ಕೊಡುವುದು 3.3 ವೋಲ್ಟ್. ಲೆಕ್ಕದಲ್ಲಿ ಸಾಕು. ಆದರೆ ರಿಲೇ ಕರೆಂಟ್ ಎಳೆದೊಡನೆ ಪಿನ್ನಿನ ವೋಲ್ಟೇಜ್ ಕುಸಿಯುತ್ತದೆ; ರಿಲೇಯ ಸ್ಕ್ರೂಗಳ ನಡುವೆ ಮೀಟರ್ ಹಿಡಿದರೆ 3ಕ್ಕಿಂತ ಕಡಿಮೆ. ರಿಲೇಯ ಒಳಗೆ ಬೆಳಕಿನ ಮೂಲಕ ಸಂಕೇತ ದಾಟಿಸುವ ಆಪ್ಟೊಕಪ್ಲರ್‌ನ ಎಲ್‌ಇಡಿಯೇ ಸುಮಾರು 1.2 ವೋಲ್ಟ್ ನುಂಗುತ್ತದೆ, ಚಳಿಯಲ್ಲಿ ಇನ್ನೂ ತುಸು ಹೆಚ್ಚು ಕೇಳುತ್ತದೆ. ಹಾಗಾಗಿ ಮಾಗಿಯ ಬೆಳಗಿನ ಜಾವ, ಹೀಟರ್ ಬೇಕೇ ಬೇಕಾದ ಹೊತ್ತಿನಲ್ಲಿ, ರಿಲೇಯ ಕೆಂಪು ದೀಪ ಮಂಕಾಗಿ ಉರಿಯುತ್ತಿತ್ತು, ಹೀಟರ್‌ನ ಕಾಯಿಲ್ ತಣ್ಣಗಿರುತ್ತಿತ್ತು. ಹುಳು ಸೊಪ್ಪು ಮುಟ್ಟದೆ ತಟ್ಟೆಯಲ್ಲಿ ಮುದುಡಿರುವುದನ್ನು ಕಂಡವರಿಗೆ ನನ್ನ ಸಿಟ್ಟು ಅರ್ಥವಾಗುತ್ತದೆ. ಕನಿಷ್ಠ 4 ವೋಲ್ಟ್ ಎಂದು ಅಚ್ಚು ಹಾಕಿದ್ದರೆ ಯಾರಿಗೇನು ನಷ್ಟವಿತ್ತು?

ಪರಿಹಾರಕ್ಕೆ ತಗುಲಿದ್ದು ಚಿಲ್ಲರೆ ಕಾಸು. ರಿಲೇಯ ಪ್ಲಸ್ ತುದಿಗೆ ಬೋರ್ಡಿನ 5 ವೋಲ್ಟ್ ಕೊಟ್ಟು, ಮೈನಸ್ ತುದಿಯನ್ನು ಬಿ.ಸಿ. 547 ಎಂಬ ಟ್ರಾನ್ಸಿಸ್ಟರ್ ಮೂಲಕ ಗ್ರೌಂಡಿಗೆ ಇಳಿಸಿದೆ. ಪಿನ್ನಿನಿಂದ ಟ್ರಾನ್ಸಿಸ್ಟರ್‌ನ ಬೇಸ್ ಕಾಲಿಗೆ 1 ಕಿಲೋಓಮ್ ರೆಸಿಸ್ಟರ್, ಬೇಸ್‌ನಿಂದ ಗ್ರೌಂಡಿಗೆ 10 ಕಿಲೋಓಮ್. ಮಾಮೂಲು ರಿಲೇಯಂತೆ ಇದರೊಳಗೆ ಸುರುಳಿ ಇಲ್ಲದ್ದರಿಂದ ಅದರ ಹಿಮ್ಮುಖ ವೋಲ್ಟೇಜ್ ತಡೆಯುವ ಡಯೋಡ್ ಬೇಡ. ಈಗ ದೀಪ ಕುಂಕುಮದಂತೆ ಗಾಢವಾಗಿ ಹೊತ್ತುತ್ತದೆ. ಆಮೇಲೆ ಒಮ್ಮೆಯೂ ತಡವರಿಸಿಲ್ಲ.

ಅಂದಿನಿಂದ ಈ ರಿಲೇಯ ಮೇಲೆ ನನಗೆ ಪ್ರೀತಿ ಹುಟ್ಟಿದೆ ಎಂದೇ ಹೇಳಬೇಕು. ಹಿಂದಿನ ಮಾಮೂಲು ರಿಲೇ ರಾತ್ರಿಯಿಡೀ ಟಕ್ ಟಕ್ ಎನ್ನುತ್ತಿತ್ತು, ಪ್ರತಿ ಸದ್ದಿಗೂ ರೇಡಿಯೊ ಕರಕರ ಎನ್ನುತ್ತಿತ್ತು. ಇದು ಮೇನ್ಸ್‌ನ ಅಲೆ ಸೊನ್ನೆಗೆ ಬಂದಾಗಲೇ ಆನ್ ಆಗುವ ಬಗೆಯದು. ಸದ್ದೇ ಇಲ್ಲ. ಬೆಳಗ್ಗೆ ಸೊಪ್ಪು ಕತ್ತರಿಸುತ್ತ ಆಕಾಶವಾಣಿಯ ಗೀತಾರಾಧನೆ ಕೇಳುತ್ತೇನೆ. ನಡುವೆ ಒಂದು ಚೂರೂ ಕರಕರ ಸದ್ದು ಬರುವುದಿಲ್ಲ.

ಸಂಜೆ ಮೇನ್ ಸ್ವಿಚ್ ಆರಿಸಿ, ರಿಲೇಯ ಬಿಸಿ ಹೀರುವ ಲೋಹದ ತಳ, ಅಂದರೆ ಹೀಟ್‌ಸಿಂಕ್‌ನ ಮೇಲೆ ಅಂಗೈ ಇಟ್ಟು ನೋಡುವುದು ರೂಢಿಯಾಗಿದೆ. 2 ಕಿಲೋವ್ಯಾಟ್ ಹೀಟರ್ ಎಂದರೆ ಸುಮಾರು 9 ಆಂಪಿಯರ್; ಆಂಪಿಯರ್‌ಗೆ ಒಂದು ವ್ಯಾಟಿನಷ್ಟಾದರೂ ಬಿಸಿ ರಿಲೇಯಲ್ಲೇ ಉಳಿಯುತ್ತದೆ. ಕೈ ಹಿಡಿಯಲಾಗದಷ್ಟು ಸುಟ್ಟರೆ ರಿಲೇಗೂ ಹೀಟ್‌ಸಿಂಕ್‌ಗೂ ನಡುವೆ ಬಳಿದ, ಬಿಸಿ ದಾಟಿಸುವ ಪೇಸ್ಟ್ ಒಣಗಿದೆ, ಇಲ್ಲವೇ ತಳದ ಸ್ಕ್ರೂ ಸಡಿಲಾಗಿದೆ. ಹೀಟ್‌ಸಿಂಕ್ ಇಲ್ಲದೆ ಹಲಗೆಗೆ ಜಡಿಯುವವರನ್ನು ಕಂಡರೆ ಭಯವಾಗುತ್ತದೆ.

ಇನ್ನೂ ದೊಡ್ಡ ಭಯವೊಂದಿದೆ. ಈ ಜಾತಿಯ ರಿಲೇ ಕೆಟ್ಟರೆ ಹೆಚ್ಚಾಗಿ ಆನ್ ಆದ ಸ್ಥಿತಿಯಲ್ಲೇ ಕೆಡುತ್ತದೆ. ಬೋರ್ಡ್ ಎಷ್ಟು ಆರಿಸಿದರೂ ಹೀಟರ್ ಉರಿಯುತ್ತಲೇ ಇರುತ್ತದೆ. ಅದಕ್ಕೇ ತಿರುಗುಗುಂಡಿಯ ಥರ್ಮೋಸ್ಟಾಟ್ ಒಂದನ್ನು 30 ಡಿಗ್ರಿಗೆ ಇಟ್ಟು, ಹೀಟರ್‌ನ ಲೈನ್ ಅದರ ಮೂಲಕವೂ ಹಾದುಹೋಗುವಂತೆ ಮಾಡಿದ್ದೇನೆ. ರಿಲೇಗಿಂತ ಅದಕ್ಕೇ ಹೆಚ್ಚು ದುಡ್ಡಾಯಿತು, ಕೊಟ್ಟದ್ದಕ್ಕೆ ಬೇಸರವಿಲ್ಲ.

ಕೊಳ್ಳುವವರು ಕೊಳ್ಳಿ, ಟ್ರಾನ್ಸಿಸ್ಟರ್ ಜೊತೆಗೇ ತನ್ನಿ. ರಿಲೇ ಆಫ್ ಇದ್ದಾಗಲೂ ಅದರ ಮೂಲಕ ತುಸು ಕರೆಂಟ್ ಸೋರುತ್ತದೆ, ಸಣ್ಣದಾದರೂ ಶಾಕ್ ಹೊಡೆಯಬಹುದು. ತಂತಿ ಮುಟ್ಟುವ ಮುನ್ನ ಎಂಸಿಬಿ ಸ್ವಿಚ್ ಇಳಿಸಿ.