ಸ್ಟಾರ್‌ಗಳನ್ನು ಕೂರಿಸಬೇಕಾ, ಆಡಿಸಬೇಕಾ?

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಎರಡು ದಾರಿ: ಸ್ಪರ್ಸ್ ತಂಡದ ಕೋಚ್ ಆಗಿದ್ದ ಪೊಪೊವಿಚ್ ಸ್ಟಾರ್‌ಗಳಿಗೆ ವಿಶ್ರಾಂತಿ ಕೊಡುತ್ತಿದ್ದರು, ನಿಕ್ಸ್ ತಂಡದ ಕೋಚ್ ಆಗಿದ್ದ ಥಿಬೊಡೊ ಅವರನ್ನೇ ಹೆಚ್ಚು ಆಡಿಸುತ್ತಿದ್ದರು. ನಿಮ್ಮ ತಂಡಕ್ಕೆ ಯಾವುದು ಸರಿ ಅಂದ್ರೆ, ಮೊದಲು ನಿಮ್ಮ ಬೆಂಚ್, ಅಂದ್ರೆ ಬದಲಿ ಆಟಗಾರರನ್ನು ನೋಡಿಕೊಳ್ಳಿ.

2013-14ರಲ್ಲಿ ಸ್ಪರ್ಸ್‌ನ ಒಬ್ಬ ಆಟಗಾರನೂ ಲೀಗ್ ಹಂತದಲ್ಲಿ ಸರಾಸರಿ 30 ನಿಮಿಷ ಆಡಲಿಲ್ಲ, ಆದರೂ ಅವರ 38 ವರ್ಷದ ಸ್ಟಾರ್ ಡಂಕನ್ ಕಪ್ ಎತ್ತಿದರು. ಮೈ ಉಳಿಸೋಕೆ ಇದೇ ಸರಿ, ಆದರೆ ಪುಕ್ಕಟೆ ಅಲ್ಲ. 2012ರಲ್ಲಿ ಮಯಾಮಿ ಪಂದ್ಯಕ್ಕೆ ಮುಂಚೆ ಪೊಪೊವಿಚ್ ನಾಲ್ವರು ಆಟಗಾರರನ್ನು ಸೀದಾ ಮನೆಗೆ ಕಳಿಸಿದ್ದಕ್ಕೆ ಸ್ಪರ್ಸ್‌ಗೆ ಎನ್‌ಬಿಎ 2.5 ಲಕ್ಷ ಡಾಲರ್ ದಂಡ ಹಾಕಿತ್ತು. ಟಿಕೆಟ್ ಕೊಂಡವರ ಕಥೆ ಏನು, ಅಲ್ವಾ? ಈಗಂತೂ ದೊಡ್ಡ ಪ್ರಶಸ್ತಿಗಳಿಗೆ ಕನಿಷ್ಠ 65 ಪಂದ್ಯ ಆಡಿರಬೇಕು ಅನ್ನೋ ನಿಯಮ ಬೇರೆ ಇದೆ, ಜಾಸ್ತಿ ಕೂರಿಸಿದರೆ ಆಟಗಾರನ ಎಂವಿಪಿ (ಋತುವಿನ ಅತ್ಯುತ್ತಮ ಆಟಗಾರ) ಆಸೆಗೇ ಕುತ್ತು.

ಥಿಬೊಡೊ ಐದಾರು ಜನರನ್ನೇ ಬೆವರಿಳಿಸಿ ಆಡಿಸುವವರು. 2025ರಲ್ಲಿ ನಿಕ್ಸ್ 25 ವರ್ಷಗಳ ನಂತರ ಈಸ್ಟರ್ನ್ ಫೈನಲ್ಸ್ (ಲೀಗ್‌ನ ಸೆಮಿಫೈನಲ್ ಇದ್ದಂತೆ) ಮುಟ್ಟಿತು, ಆಮೇಲೆ ಅವರ ಕೆಲಸವೇ ಹೋಯಿತು.

ಹುಡುಗರ ತಂಡ, ಬೆಂಚ್ ತೆಳು, ಗೆಲ್ಲೋ ಅಭ್ಯಾಸ ಬೇಕು ಅಂದ್ರೆ ಥಿಬೊಡೊ. ವಯಸ್ಸಾದ ಸ್ಟಾರ್‌ಗಳು, ಪ್ಲೇಆಫ್ ಹೇಗೂ ಖಚಿತ ಅಂದ್ರೆ ಪೊಪೊವಿಚ್.