ಕಿವಿ ಹಿಂದೆ ಕೂರುವ ಶ್ರವಣ ಸಾಧನ: ಹಿರಿಯರಿಗೆ ಕೊಳ್ಳುವ ಮುನ್ನ

"ಮಾತು ಕೇಳ್ಸುತ್ತೆ, ಏನಂದ್ರಿ ಅಂತ ತಿಳಿಯಲ್ಲ." ಎಪ್ಪತ್ತು ದಾಟಿದವರು ಹೀಗಂದರೆ ಅದು ಹಟವಲ್ಲ, ಅರಳುಮರಳೂ ಅಲ್ಲ. ಒಳಗಿವಿಯ ಶಂಖದಾಕಾರದ ಸುರುಳಿಯಲ್ಲಿ ಸದ್ದು ಹಿಡಿಯುವ ಸುಮಾರು 15,000 ಕೂದಲು ಕೋಶಗಳಲ್ಲಿ ಸತ್ತವು ಮತ್ತೆ ಹುಟ್ಟುವುದಿಲ್ಲ. ಸಾಮಾನ್ಯವಾಗಿ ಮೊದಲು ಸವೆಯುವವು ಕೀರಲು ಸದ್ದು ಹಿಡಿಯುವ ಕೋಶಗಳು. ಹಾಗಾಗಿ ಸ್ವರಗಳು ಉಳಿಯುತ್ತವೆ, ಸ, ತ, ಕ ಜಾರುತ್ತವೆ. ಸಾಲು, ಕಾಲು, ಹಾಲು ಮೂರೂ ಒಂದೇ ಆಗುತ್ತವೆ. ಇದರ ಜೊತೆಗೆ ಮೆಲ್ಲನೆಯ ಸದ್ದು ಕೇಳದ ಕಿವಿಗೆ ಜೋರು ಸದ್ದು ಚುಚ್ಚುತ್ತದೆ. ಕೂಗಿ ಹೇಳಿದರೆ "ಯಾಕೆ ಕಿರುಚ್ತೀಯ?" ಎನ್ನುವುದು ಅದಕ್ಕೇ.

ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಸದ್ದು ಹಿಗ್ಗಿಸುವ ಯಂತ್ರಗಳು ಸೋಲುವುದೂ ಇಲ್ಲೇ. ಮಾತಿನಷ್ಟೇ ಫ್ಯಾನನ್ನೂ ಪಾತ್ರೆಯ ಸದ್ದನ್ನೂ ಎತ್ತುತ್ತವೆ. ಅವು ಬೇಡ. ಡಿಜಿಟಲ್ ಸಾಧನ ಮೆಲುಸದ್ದನ್ನು ಹೆಚ್ಚು, ಜೋರು ಸದ್ದನ್ನು ಕಡಿಮೆ ಏರಿಸುತ್ತದೆ, ಅದೂ ಕಿವಿ ಎಲ್ಲಿ ಸೋತಿದೆಯೋ ಅಲ್ಲಿ. ಆದ್ದರಿಂದ ಆಡಿಯೋಗ್ರಾಮ್, ಅಂದರೆ ಯಾವ ಸದ್ದು ಎಷ್ಟು ಕೇಳುತ್ತದೆಂದು ತೋರಿಸುವ ಗ್ರಾಫ್, ಇಲ್ಲದೆ ಕೊಳ್ಳಲೇಬಾರದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೋ ಹತ್ತಿರದ ಆಡಿಯಾಲಜಿಸ್ಟ್ (ಶ್ರವಣ ತಜ್ಞ) ಬಳಿಯೋ ಪರೀಕ್ಷೆ ಮಾಡಿಸಿ, ಆ ಗ್ರಾಫ್ ನೋಡಿಯೇ ಸಾಧನವನ್ನು ಕಂಪ್ಯೂಟರಿಗೆ ಜೋಡಿಸಿ ಹೊಂದಿಸಬೇಕು.

ಕುಯ್‌ಗುಟ್ಟಿದರೆ ಸಾಧನ ಕೆಟ್ಟಿದೆ ಎಂದುಕೊಳ್ಳಬೇಡಿ. ಕಿವಿಯೊಳಗೆ ಕೂರುವ ಅಚ್ಚು ಸಡಿಲವಾಗಿ ಸದ್ದು ಸೋರಿ ಮೈಕಿಗೆ ಮರಳುತ್ತಿರುತ್ತದೆ, ಇಲ್ಲವೇ ಕಿವಿಯಲ್ಲಿ ಗುಗ್ಗೆ ತುಂಬಿರುತ್ತದೆ. ಸದ್ದೇ ಬರದಿದ್ದರೆ ಮೊದಲು ಬ್ಯಾಟರಿ, ಆಮೇಲೆ ಸಾಧನದಿಂದ ಅಚ್ಚಿಗೆ ಸದ್ದು ಒಯ್ಯುವ ಕೊಳವೆ ನೋಡಿ: ಮಳೆಗಾಲದಲ್ಲಿ ಒಳಗೆ ನೀರಿನ ಹನಿ ನಿಲ್ಲುತ್ತದೆ. ರಾತ್ರಿ ಬ್ಯಾಟರಿ ಬಾಗಿಲು ತೆರೆದು, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ತಲೆಗೆ ಎಣ್ಣೆ ಹಚ್ಚುವ ಮುಂಚೆ, ಸ್ನಾನದ ಮುಂಚೆ ತೆಗೆಯಲೇಬೇಕು.

ಕಿತ್ತಳೆ ಚೀಟಿಯ 13 ನಂಬರ್ ಬ್ಯಾಟರಿ ಗಾಳಿ ಕುಡಿದು ಕೆಲಸ ಮಾಡುವಂಥದ್ದು. ಚೀಟಿ ಕಿತ್ತು ಒಂದೆರಡು ನಿಮಿಷ ಬಿಟ್ಟು ಹಾಕಿ. ಒಮ್ಮೆ ಕಿತ್ತರೆ ಬಳಸದಿದ್ದರೂ ಸವೆಯುತ್ತದೆ. ಸಂಧಿವಾತದ ಬೆರಳಿಗೆ ಈ ಬಿಲ್ಲೆ ಹಿಡಿಯುವುದೇ ಕಷ್ಟ. ಅಂಥವರಿಗೆ ರೀಚಾರ್ಜ್ ಆಗುವುದು ಒಳ್ಳೆಯದು, ಬೆಲೆ ಹೆಚ್ಚು. ಜೇಬಿನಲ್ಲಿಟ್ಟು ತಂತಿಯಿಂದ ಕಿವಿಗೆ ಜೋಡಿಸುವ ಹಳೆಯ ಪೆಟ್ಟಿಗೆ ಸಾಧನವನ್ನೂ ನಾವು ತಳ್ಳಿಹಾಕುವುದಿಲ್ಲ: ಬಟ್ಟೆ ಉಜ್ಜಿದ ಸದ್ದು ಬರುತ್ತದೆ ನಿಜ, ಆದರೆ ಗುಂಡಿ ದೊಡ್ಡದು, ನಡುಗುವ ಕೈಗೂ ಸಿಗುತ್ತದೆ.

ಮೊದಲ ವಾರ ದಿನಕ್ಕೆ ಒಂದೆರಡು ಗಂಟೆ, ಮನೆಯೊಳಗೆ, ಒಬ್ಬರ ಜೊತೆ ಮಾತಾಡುವಾಗ ಮಾತ್ರ ಹಾಕಿಸಿ. ಮದುವೆ ಛತ್ರಕ್ಕೆ ಆಗಲೇ ಕರೆದೊಯ್ಯಬೇಡಿ. ಆ ಗದ್ದಲಕ್ಕೆ ಬೇಸತ್ತು ಸಾಧನ ಬೀರು ಸೇರುತ್ತದೆ. ಮನೆಯವರು ಟಿವಿ ಆರಿಸಿ, ಎದುರಿಗೆ ಕೂತು, ತುಟಿ ಕಾಣುವಂತೆ ನಿಧಾನಕ್ಕೆ ಮಾತಾಡಬೇಕು. ಮೂರನೇ ವಾರ ಮತ್ತೆ ಆಡಿಯಾಲಜಿಸ್ಟ್ ಬಳಿ ಹೋಗಿ, ಯಾವ ಸದ್ದು ಚುಚ್ಚುತ್ತದೆಂದು ಹೇಳಿ ಸರಿಮಾಡಿಸಿ.